ಹಳೆಯ ಕಾದಂಬರಿಗಳೂ ಇಂದಿನ ಬಾಳುವೆಯೂ

(ಶ್ರೀಮಠದ ಮಹೋತ್ಸವದ ಅಂಗವಾಗಿ ನಡೆದ ಸಾಹಿತ್ಯಗೋಷ್ಠಿಯಲ್ಲಿ ಮಾಡಿದ ಭಾಷಣ)

 

ಮಠಗಳ ಪಾಠಶಾಲೆಗಳಲ್ಲಿ ಹಿಂದೆ ಒಂದು ಕಟ್ಟಳೆಯಿದ್ದಿತು. ಸೂರ್ಯೋದಯಕ್ಕೆ ಮುನ್ನ ಎದ್ದು ಶಿವಪೂಜೆಯನ್ನು ತೀರಿಸಿಕೊಂಡ ವಿದ್ಯಾರ್ಥಿಯು ಶಬ್ದಮಣಿದರ್ಪಣದ ಸೂತ್ರಗಳನ್ನು ಬಾಯಿಪಾಠ ಮಾಡಬೇಕು. ರಾಜಶೇಖರವಿಲಾಸವನ್ನು ಅನ್ವಯಸಹಿತವಾಗಿ ಓದಬೇಕು. ಶ್ರಾವಣಮಾಸದಲ್ಲಿ ಪ್ರಭುಲಿಂಗಲೀಲೆಯ ಪ್ರವಚನವನ್ನು ಕೇಳಬೇಕು. ಕಾದಂಬರಿಯನ್ನು ಮಾತ್ರ ಮುಟ್ಟಲಾಗದು. ವಿದ್ಯಾರ್ಥಿಯ ಹಾಸಿಗೆಯ ಸುರುಳಿಯಲ್ಲಿ ಕಾದಂಬರಿಯೊಂದು ದೊರೆತರೆ ಪಂಡಿತರ ಹುಬ್ಬು ಗಂಟಿಕ್ಕುವುದು. ಸುಳ್ಳು ಕಥೆಯನ್ನು ಓದಿ ನಿಜವಾದ ಹೊತ್ತನ್ನು ಕಳೆಯುವುದೇಕೆ ಎಂಬುದು ಅವರ ಪ್ರಶ್ನೆ. ಆ ಪ್ರಶ್ನೆಯನ್ನು ನಗೆಯಿಂದ ತಳ್ಳಿಹಾಕುವುದು ಸುಲಭ. ಆದರೆ ಗುರುಗಳ ಪ್ರಶ್ನೆಗೆ ಉತ್ತರವನ್ನೇ ಕೊಡಬೇಕು. ಇಂದಿನ ಈ ವಿಷಯವು ಆ ಉತ್ತರದ ಪ್ರಯತ್ನವಾಗಿದೆ.

ಮೊದಲು ಹೆಸರಿನ ವಿಚಾರ. ಏಳನೆಯ ಶತಮಾನದಲ್ಲಿ ಬಾಣಭಟ್ಟನು ಸಂಸ್ಕೃತದಲ್ಲಿ ಬರೆದ ಗದ್ಯಕಾವ್ಯದ ನಾಯಿಕೆಯ ಹೆಸರು ಕಾದಂಬರಿ. ಆ ಕೃತಿಯನ್ನು ನಾಗವರ್ಮನು ಕರ್ಣಾಟಕ ಕಾದಂಬರಿಯೆಂಬ ಚಂಪುವಾಗಿ ಕನ್ನಡಕ್ಕೆ ತಂದನು. ಹತ್ತೊಂಬತ್ತನೆಯ ಶತಮಾನದಲ್ಲಿ ಹೊಸ ಬಗೆಯ ಗದ್ಯಕಥೆಯು ಈ ನಾಡಿಗೆ ಬಂದಾಗ, ಕನ್ನಡಿಗರೂ ಮರಾಠಿಗರೂ ಆ ನಾಯಿಕೆಯ ಹೆಸರನ್ನೇ ಅದಕ್ಕೆ ಇಟ್ಟರು. ಆದರೆ ಕಾದಂಬರಿಯೆಂಬ ಶಬ್ದಕ್ಕೆ ಸಂಸ್ಕೃತದಲ್ಲಿ ಮದ್ಯವೆಂಬ ಅರ್ಥವೂ ಉಂಟು. ಆದುದರಿಂದ ಹಿರಿಯರ ಶಂಕೆಗೆ ಹೆಸರಿನಲ್ಲಿಯೇ ಒಂದು ಆಧಾರವಿದ್ದಂತಾಯಿತು. ಓದುಗನನ್ನು ಮರುಳುಗೊಳಿಸಿ, ಮನೆಯ ಕೆಲಸವನ್ನು ಮರೆಯಿಸಿ, ಎದ್ದಮೇಲೆ ಏನನ್ನೂ ಉಳಿಸದ ಕಾದಂಬರಿಗಳು ಅಂದೂ ಇದ್ದುವು, ಇಂದೂ ಇವೆ. ಅಂಥವುಗಳನ್ನು ಕುರಿತು ಹಿರಿಯರು ಹೇಳಿದ ಮಾತು ಸತ್ಯವೇ ಆಗಿದೆ.

ಆದರೆ ವೈದ್ಯರು ಬಲ್ಲ ಒಂದು ಸಂಗತಿಯುಂಟು. ಔಷಧವು ಒಂದೇ ಆದರೂ ಅದರೊಡನೆ ಸೇವಿಸುವ ಅನುಪಾನವು ಬೇರೆಯಾದರೆ ಫಲವೂ ಬೇರೆಯಾಗುತ್ತದೆ. ಕಾದಂಬರಿಗೂ ಹೀಗೆಯೇ ಒಂದು ಅನುಪಾನವು ಬೇಕು. ಅದು ಆತ್ಮಪರೀಕ್ಷೆ. ಕಥೆಯಲ್ಲಿ ಬರುವ ತಪ್ಪನ್ನು ಮಾಡಿದವನು ಯಾರೋ ಎಂದು ಓದಿದರೆ ಅದು ಕಾಲಹರಣ. ಆ ತಪ್ಪು ತನ್ನ ಮನೆಯಲ್ಲಿ ಎಲ್ಲಿ ಅಡಗಿದೆಯೆಂದು ಹುಡುಕುತ್ತ ಓದಿದರೆ ಅದೇ ಔಷಧ. ಈ ಅನುಪಾನದೊಡನೆ ಸೇವಿಸತಕ್ಕ ಮೂರು ಹಳೆಯ ಕನ್ನಡ ಕಾದಂಬರಿಗಳನ್ನೂ, ಅವುಗಳ ಜೊತೆಗೆ ನಾಲ್ಕನೆಯದೊಂದನ್ನೂ ಇಲ್ಲಿ ವಿಚಾರಕ್ಕೆ ತೆಗೆದುಕೊಂಡಿದೆ.

ಮೊದಲನೆಯದು 'ಇಂದಿರಾಬಾಯಿ'. ಮಂಗಳೂರಿನ ಸೀಮೆಯಲ್ಲಿ ಪೊಲೀಸ್ ಅಧಿಕಾರಿಗಳಾಗಿದ್ದ ಗುಲ್ವಾಡಿ ವೆಂಕಟರಾಯರು (1844-1913) ಇದನ್ನು 1899ರಲ್ಲಿ ಪ್ರಕಟಿಸಿದರು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ವಿದ್ವಾಂಸರು ಇದನ್ನು ಎಣಿಸುವರು. ಇದಕ್ಕೆ 'ಸದ್ಧರ್ಮ ವಿಜಯವು' ಎಂಬ ಇನ್ನೊಂದು ಹೆಸರೂ ಇದೆ. ಆ ಹೆಸರನ್ನು ಭಕ್ತರು ಮರೆಯಬಾರದು. ಗ್ರಂಥಕರ್ತರು ಧರ್ಮವನ್ನು ಹಳಿಯಲು ಹೊರಟವರಲ್ಲ. ಧರ್ಮದ ವೇಷವನ್ನು ಧರ್ಮದಿಂದ ಬೇರ್ಪಡಿಸಲು ಹೊರಟವರು.

ಕಥೆಯು ಸರಳವಾಗಿದೆ. ಭೀಮರಾಯ, ಅಂಬಾಬಾಯಿ ಎಂಬ ದಂಪತಿಗಳ ಮಗಳು ಇಂದಿರೆ ಎಳೆಯ ವಯಸ್ಸಿನಲ್ಲಿಯೇ ವಿಧವೆಯಾಗುವಳು. ತಾಯಿಯಾದ ಅಂಬಾಬಾಯಿಗೆ ಸಂತಮಂಡಲಿಯೊಂದರ ಮೇಲೆ ಅಪಾರ ಭಕ್ತಿ. ಸಂತರೆಂದು ಹೇಳಿಕೊಳ್ಳುವ ಆ ಜನರಾದರೋ ಕಪಟಿಗಳು. ಮಗಳೂ ಅವರ ಸೇವೆಯಲ್ಲಿ ನಿಲ್ಲಬೇಕೆಂದು ತಾಯಿಯ ಒತ್ತಾಯ. ಇಂದಿರೆಯು ಅದಕ್ಕೆ ಒಪ್ಪದೆ ಮನೆಯನ್ನು ಬಿಟ್ಟು, ಅಮೃತರಾಯನೆಂಬ ಸಜ್ಜನನ ಆಶ್ರಯವನ್ನು ಪಡೆದು, ವಿದ್ಯೆಯನ್ನು ಕಲಿತು, ವಿದೇಶದಲ್ಲಿ ಓದಿ ಬಂದ ಭಾಸ್ಕರನನ್ನು ಮದುವೆಯಾಗುವಳು.

ವಿಧವಾವಿವಾಹಕ್ಕೆ ಅವಕಾಶವನ್ನು ಕೊಟ್ಟ ಕಾಯಿದೆಯು 1856ರಲ್ಲಿಯೇ ಬಂದಿದ್ದಿತು. ಕಾದಂಬರಿಯು ಬಂದುದು 43 ವರ್ಷಗಳ ಮೇಲೆ. ಕಾಯಿದೆಯು ಗ್ರಂಥದಲ್ಲಿ ಕುಳಿತಿದ್ದರೂ ಮನೆಯ ಹೊಸ್ತಿಲನ್ನು ದಾಟಿರಲಿಲ್ಲವೆಂಬುದು ಇದರಿಂದ ತಿಳಿಯುತ್ತದೆ. ಹೊಸ್ತಿಲನ್ನು ದಾಟುವ ಕೆಲಸವನ್ನು ಕಥೆಯೇ ಮಾಡಬೇಕಾಯಿತು.

ಇಂದು ಬಾಲವಿಧವೆಯರು ವಿರಳ. ಹಾಗಾದರೆ ಈ ಕಥೆಯ ಕೆಲಸ ಮುಗಿಯಿತೆ? ಅಂಬಾಬಾಯಿಯನ್ನು ಮತ್ತೊಮ್ಮೆ ನೋಡಿರಿ. ಆಕೆಯು ದುಷ್ಟಳೆಂದು ತನ್ನನ್ನು ತಾನು ಎಂದೂ ತಿಳಿದವಳಲ್ಲ. ಮನೆಗೆ ಬಂದವರಿಗೆ ಉಣಬಡಿಸುವಳು, ಕೈಮುಗಿಯುವಳು, ಭಜನೆಯನ್ನು ಕೇಳುವಳು. ದೂರದ ಸಂತನ ಪಾದವು ಕಾಣುವ ಆ ಕಣ್ಣಿಗೆ ಅದೇ ಮನೆಯ ಮೂಲೆಯಲ್ಲಿ ಕುಳಿತ ಮಗಳ ಕಣ್ಣೀರು ಕಾಣಲಿಲ್ಲ. ಇದು 1899ರೊಡನೆ ಮುಗಿದುಹೋದ ದೋಷವಲ್ಲ. ಅಂದು ಕಪಟಸಂತನು ಓಣಿಯಲ್ಲಿ ನಡೆದು ಬರಬೇಕಾಗಿದ್ದಿತು. ಇಂದು ಕೈಯಲ್ಲಿ ಹಿಡಿದ ಮೊಬೈಲಿನೊಳಗೆ ಕುಳಿತೇ ಬರುವನು, ಭವಿಷ್ಯವನ್ನು ಹೇಳುವನು, ಹಣವನ್ನು ಕೇಳುವನು. ಅವನ ಮಾತನ್ನು ಗಂಟೆಗಟ್ಟಲೆ ಕೇಳುವ ತಂದೆತಾಯಿಗಳಿಗೆ, ಪಕ್ಕದ ಕೋಣೆಯಲ್ಲಿ ಮಗಳು ಏನನ್ನು ಹೇಳಬೇಕೆಂದು ಬಾಯಿ ತೆರೆದು ಮುಚ್ಚಿದಳೆಂಬುದನ್ನು ಕೇಳಲು ಬಿಡುವಿಲ್ಲ. ಭಕ್ತಿಯ ಪರೀಕ್ಷೆಯು ಮನೆಯೊಳಗೇ ಆಗಬೇಕೆಂಬುದು ಈ ಕಾದಂಬರಿಯ ಪಾಠ.

ಎರಡನೆಯ ಕಾದಂಬರಿಯ ಹೆಸರನ್ನು ಒಂದು ಮಠದ ಮಹೋತ್ಸವದಲ್ಲಿ ಎತ್ತಬಹುದೇ ಎಂದು ಕೆಲವರು ಸಂಕೋಚಪಡುವರು. ಎತ್ತಲೇಬೇಕಾದ ಸ್ಥಳವು ಇದೇ ಆಗಿದೆ. ಅದು ಬೋಳಾರ ಬಾಬುರಾಯರು 1905ರಲ್ಲಿ ಪ್ರಕಟಿಸಿದ 'ವಾಗ್ದೇವಿ'. ಕುಮುದಪುರವೆಂಬ ಊರಿನ ಮಠವೊಂದರ ಕಥೆ. ಪೀಠಾಧಿಪತಿಗಳಾದ ಚಂಚಲನೇತ್ರರು ವಾಗ್ದೇವಿಯೆಂಬ ಗೃಹಿಣಿಯ ಮೋಹಕ್ಕೆ ಒಳಗಾಗುವರು. ಅಲ್ಲಿಂದ ಮುಂದೆ ಮಠದ ಧನವೂ ಅಧಿಕಾರವೂ ಮೆಲ್ಲಮೆಲ್ಲನೆ ಆಕೆಯ ಕೈಗೆ ಹೋಗುವುವು. ತನ್ನ ಮಗನೇ ಪೀಠಕ್ಕೆ ಬರಬೇಕೆಂಬವರೆಗೂ ಆಕೆಯ ಹವಣಿಕೆಯು ಬೆಳೆಯುವುದು.

ಆ ಕಥೆಯ ಮಠವು ಬೇರೊಂದು ಸಂಪ್ರದಾಯಕ್ಕೆ ಸೇರಿದ್ದು. ಇದನ್ನು ಕೇಳಿ ಯಾರಿಗಾದರೂ ಒಳಗೊಳಗೇ ಸಂತೋಷವಾದರೆ, ಅವರು ಆ ಕಾದಂಬರಿಯನ್ನು ಅನುಪಾನವಿಲ್ಲದೆ ಸೇವಿಸಿದವರೆಂದು ತಿಳಿಯಬೇಕು. ಕಾವಿಯ ಬಣ್ಣ ಯಾವುದಾದರೂ ಆಗಲಿ, ಪೀಠದ ಮುಂದೆ ಕಾಣಿಕೆಯು ಬೀಳುವಲ್ಲೆಲ್ಲ ಆ ಅಪಾಯವು ಒಂದೇ. ಗ್ರಂಥವನ್ನು ಸಾವಧಾನವಾಗಿ ಓದಿದವರಿಗೆ ಇನ್ನೊಂದು ಸಂಗತಿಯೂ ಹೊಳೆಯುವುದು. ಒಬ್ಬ ಯತಿಯ ಚಿತ್ತವು ಕೆಟ್ಟಮಾತ್ರಕ್ಕೆ ಒಂದು ಮಠವು ಕೆಡಲಾರದು. ಸುತ್ತಲೂ ಇದ್ದವರು ಬಾಯಿ ಮುಚ್ಚಿಕೊಂಡಾಗ ಅದು ಕೆಡುತ್ತದೆ. ಕಂಡವನೊಬ್ಬನಿಗೆ ಮಠದ ಜಮೀನಿನ ಆಸೆ. ಕೇಳಿದವನೊಬ್ಬನಿಗೆ ಮಠದ ಉದ್ಯೋಗದ ಆಸೆ. ಉಳಿದವರಿಗೆ ಗುರುನಿಂದೆಯ ಭಯ. ಹೀಗೆ ಮೌನವು ಒಂದರ ಮೇಲೊಂದು ಕಲ್ಲಾಗಿ ಕುಳಿತು, ಒಳಗಿನ ಕತ್ತಲೆಗೆ ಗೋಡೆಯಾಗುತ್ತದೆ.

ಭಕ್ತರು ತಂದ ಕಾಣಿಕೆಯು ಯಾರ ಸ್ವತ್ತು? ದಾಸೋಹದ ತತ್ತ್ವವನ್ನು ಬಲ್ಲವರಿಗೆ ಉತ್ತರವನ್ನು ಹೇಳಬೇಕಾದುದಿಲ್ಲ. ಅದು ಹಸಿದವನ ಅನ್ನ, ಓದುವ ಬಾಲಕನ ಪುಸ್ತಕ, ಬಳಲಿದವನ ಆಸರೆ. ಅದರ ಲೆಕ್ಕವನ್ನು ಕೇಳುವ ಶಿಷ್ಯನು ಗುರುನಿಂದಕನಲ್ಲ. ಆ ಲೆಕ್ಕವನ್ನು ತಾನಾಗಿಯೇ ಸಭೆಯ ಮುಂದೆ ಇಡುವ ಮಠಕ್ಕೆ ಯಾವ ಕಾದಂಬರಿಯ ಭಯವೂ ಇಲ್ಲ. ಮಹೋತ್ಸವಗಳಲ್ಲಿ ಸ್ತುತಿಯ ಮಾತುಗಳು ಹೇರಳವಾಗಿ ಬರುವುವು. ಅವುಗಳ ನಡುವೆ 'ವಾಗ್ದೇವಿ'ಯಂಥ ಪುಸ್ತಕವೊಂದು ಗ್ರಂಥಭಂಡಾರದ ಕಪಾಟಿನಲ್ಲಿ ತೆರೆದ ಸ್ಥಳದಲ್ಲಿ ಇರುವುದು ಮಠಕ್ಕೆ ಅವಮಾನವಲ್ಲ, ಅದು ರಕ್ಷೆ.

ಮೂರನೆಯ ಕಾದಂಬರಿಗೆ ಬರುವ ಮುನ್ನ ಒಂದು ಪುರಾತನರ ಕಥೆಯನ್ನು ನೆನೆಯಬೇಕು. ಹಂಪೆಯ ಹರಿಹರನು ಅರಸರನ್ನು ಹೊಗಳುವ ದಾರಿಯನ್ನು ಬಿಟ್ಟು ಶರಣರನ್ನು ಕುರಿತು ರಗಳೆಗಳನ್ನು ರಚಿಸಿದನೆಂಬುದು ಸರ್ವರಿಗೂ ವಿದಿತ. ಅವುಗಳಲ್ಲಿ ಕುಂಬಾರ ಗುಂಡಯ್ಯನ ರಗಳೆಯೂ ಒಂದು. ಗುಂಡಯ್ಯನು ಮಡಕೆಯನ್ನು ಮಾಡುವವನು. ಭಕ್ತಿಯ ಆನಂದದಲ್ಲಿ ಅವನು ತಾನು ಮಾಡಿದ ಮಡಕೆಯನ್ನೇ ವಾದ್ಯವಾಗಿ ಬಾರಿಸಿ ಕುಣಿಯತೊಡಗಲು, ಆ ಸದ್ದನ್ನು ಕೇಳಿ ಪರಶಿವನೇ ಬಂದು ಕುಣಿದನೆಂಬುದು ಕಥೆ. ದುಡಿಯುವವನ ಕೈಯ ಸದ್ದು ಕೈಲಾಸಕ್ಕೆ ಮುಟ್ಟಿತು. ಕನ್ನಡದ ಕವಿಯು ಎಂಟುನೂರು ವರ್ಷಗಳ ಹಿಂದೆಯೇ ಒಬ್ಬ ಕುಂಬಾರನನ್ನು ಕಥಾನಾಯಕನನ್ನಾಗಿ ಮಾಡಿದನು. ಸಾಮಾನ್ಯ ಜನರ ಬಾಳನ್ನು ಹೇಳುವ ಕಾದಂಬರಿಯು ಪರದೇಶದ ಸರಕೆಂದು ತಿರಸ್ಕರಿಸುವವರಿಗೆ ಇಷ್ಟು ಉತ್ತರವು ಸಾಕು.

ಈಗ ಇನ್ನೊಂದು ವಾದ್ಯದ ಕಥೆಯನ್ನು ಕೇಳಿರಿ. ಕೋಟ ಶಿವರಾಮ ಕಾರಂತರ (1902-1997) 'ಚೋಮನ ದುಡಿ'ಯು 1933ರಲ್ಲಿ ಪ್ರಕಟವಾಯಿತು. ದಕ್ಷಿಣ ಕನ್ನಡದ ಹಳ್ಳಿಯೊಂದರಲ್ಲಿ ಅಸ್ಪೃಶ್ಯನೆನಿಸಿ ಜೀತ ಮಾಡುವ ಚೋಮನಿಗೆ ಬದುಕಿನಲ್ಲಿ ಒಂದೇ ಆಸೆ: ತಾನೂ ಒಂದು ತುಂಡು ಹೊಲವನ್ನು ಉಳಬೇಕು. ಅವನ ಬಳಿ ಒಂದು ಜೊತೆ ಎತ್ತುಗಳೂ ಇವೆ. ಒಡೆಯನಾದ ಸಂಕಪ್ಪಯ್ಯನು ಕಲ್ಲೆದೆಯವನಲ್ಲ. ಆದರೆ ಹಿಂದಿನಿಂದ ನಡೆದುಬಂದುದನ್ನು ಮುರಿಯಬಾರದೆಂದು ಅವನ ತಾಯಿಯು ತಡೆಯುವಳು. ಹೊಲ ಸಿಗಲಿಲ್ಲ. ಸಾಲವನ್ನು ತೀರಿಸಲೆಂದು ಮಕ್ಕಳು ಕಾಫಿಯ ತೋಟಕ್ಕೆ ಹೋಗುವರು. ಒಬ್ಬ ಮಗನು ಕಾಯಿಲೆಯಿಂದ ಸಾಯುವನು, ಇನ್ನೊಬ್ಬನು ಮತಾಂತರ ಹೊಂದಿ ದೂರವಾಗುವನು. ಮಗಳಾದ ಬೆಳ್ಳಿಯೂ ತೋಟದವರ ಕೈಗೆ ಸಿಕ್ಕಿ ನೊಂದು ಬರುವಳು. ಕಿರಿಯ ಮಗನೊಬ್ಬನು ಹೊಳೆಯ ನೀರಿನಲ್ಲಿ ಮುಳುಗುತ್ತಿರುವಾಗ, ಮುಟ್ಟಿದರೆ ಮೈಲಿಗೆಯೆಂಬ ಕಾರಣಕ್ಕೆ ಎತ್ತುವ ಕೈ ಬರಲಿಲ್ಲ. ಕಡೆಗೆ ಚೋಮನು ಗುಡಿಸಲಿನ ಬಾಗಿಲನ್ನು ಹಾಕಿಕೊಂಡು, ತನ್ನ ದುಡಿಯನ್ನು ಬಾರಿಸುತ್ತ ಬಾರಿಸುತ್ತ ಪ್ರಾಣವನ್ನು ಬಿಡುವನು.

ಗುಂಡಯ್ಯನ ಮಡಕೆಯ ಸದ್ದಿಗೆ ಶಿವನು ಬಂದನು. ಚೋಮನ ದುಡಿಯ ಸದ್ದಿಗೆ ನೆರೆಯ ಮನುಷ್ಯನೂ ಬರಲಿಲ್ಲ. ಈ ಎರಡು ಕಥೆಗಳನ್ನು ಅಕ್ಕಪಕ್ಕದಲ್ಲಿ ಇಟ್ಟುಕೊಂಡು ಓದುವ ಭಕ್ತನಿಗೆ ರಾತ್ರಿ ನಿದ್ರೆ ಬರಬಾರದು. ಚೋಮನು ಭಿಕ್ಷೆಯನ್ನು ಬೇಡಲಿಲ್ಲ, ಕಾಯಕವನ್ನು ಬೇಡಿದನು. ಕಾಯಕವನ್ನು ಕೊಂಡಾಡುವ ನಾಡಿನಲ್ಲಿಯೇ ಅದನ್ನು ಬೇಡಿದವನಿಗೆ ಇಲ್ಲವೆಂದರು. ಇಲ್ಲವೆಂದವರು ಕ್ರೂರಿಗಳೂ ಆಗಿರಲಿಲ್ಲ. ಮರ್ಯಾದಸ್ಥರು, ಸಂಪ್ರದಾಯಸ್ಥರು, ಹಬ್ಬಹರಿದಿನಗಳನ್ನು ತಪ್ಪದೆ ಆಚರಿಸುವವರು. ಕಾರಂತರ ಗ್ರಂಥದ ಭಯಂಕರವಾದ ಸತ್ಯವು ಇಲ್ಲಿಯೇ ಇದೆ.

ಈ ಕಥೆಯನ್ನು 1975ರಲ್ಲಿ ಬಿ. ವಿ. ಕಾರಂತರು ಚಲನಚಿತ್ರವನ್ನಾಗಿ ಮಾಡಿದರು. ನಾಡೆಲ್ಲ ಅದನ್ನು ನೋಡಿ ಕಣ್ಣೀರಿಟ್ಟಿತು. ಆ ಕಾಲದ ಹಿಂದುಮುಂದೆ ಕಾಯಿದೆಗಳೂ ಬಂದುವು. 1950ರಲ್ಲಿ ಜಾರಿಗೆ ಬಂದ ಸಂವಿಧಾನವು ತನ್ನ 17ನೆಯ ವಿಧಿಯಲ್ಲಿ ಅಸ್ಪೃಶ್ಯತೆಯನ್ನು ತೊಡೆದುಹಾಕಿತು; ಕರ್ನಾಟಕದಲ್ಲಿ 1974ರ ಭೂಸುಧಾರಣೆಯ ತಿದ್ದುಪಡಿಯು ಉಳುವ ಗೇಣಿದಾರನಿಗೆ ಭೂಮಿಯ ಹಕ್ಕಿನ ದಾರಿಯನ್ನು ತೆರೆಯಿತು; 1976ರಲ್ಲಿ ಜೀತಪದ್ಧತಿಯನ್ನು ನಿಷೇಧಿಸುವ ಕಾಯಿದೆಯಾಯಿತು. ಇವೆಲ್ಲ ದೊಡ್ಡ ಕಾರ್ಯಗಳೇ. ಆದರೂ ಊರೂರಿಗೆ ಹೋಗಿ ನೋಡಿದರೆ, ಗುಡಿಯ ಬಾಗಿಲಲ್ಲಿ, ಚಹದಂಗಡಿಯ ಲೋಟದಲ್ಲಿ, ಮದುವೆಯ ಮಾತುಕತೆಯಲ್ಲಿ ಆ ಹಳೆಯ ತಾಯಿಯ ಧ್ವನಿಯು ಇನ್ನೂ ಕೇಳಿಸುವುದುಂಟು. ಕಾಯಿದೆಯು ಕೈಯನ್ನು ಹಿಡಿದು ನಿಲ್ಲಿಸಬಲ್ಲದು, ಎದೆಯೊಳಕ್ಕೆ ಹೋಗಲಾರದು. ಬಸವಣ್ಣನವರ ಹೆಸರನ್ನು ದಿನವೂ ಹೇಳುವವರು ಈ ಕಾದಂಬರಿಯನ್ನು ವರ್ಷಕ್ಕೆ ಒಮ್ಮೆಯಾದರೂ ಓದಿ, ತಮ್ಮ ಓಣಿಯಲ್ಲಿ ಯಾವ ದುಡಿಯ ಸದ್ದು ಕೇಳಿಸದೆ ಹೋಗುತ್ತಿದೆಯೆಂದು ಕಿವಿಗೊಡತಕ್ಕದ್ದು.

ನಾಲ್ಕನೆಯದೂ ಕಾರಂತರದೇ ಆದ 'ಮರಳಿ ಮಣ್ಣಿಗೆ'. ಕೋಡಿಯೆಂಬ ಕಡಲಕರೆಯ ಊರಿನ ಒಂದು ಮನೆಯ ಮೂರು ತಲೆಮಾರುಗಳ ಕಥೆ. ಮೊದಲ ತಲೆಯ ರಾಮ ಐತಾಳರು ಕಾಸಿಗೆ ಕಾಸು ಕೂಡಿಸಿದವರು. ಮನೆಯನ್ನು ನಿಜವಾಗಿ ಹೊತ್ತವರೆಂದರೆ ಹೆಂಡತಿ ಪಾರೋತಿಯೂ ವಿಧವೆಯಾದ ತಂಗಿ ಸರಸೋತಿಯೂ. ಗದ್ದೆಯಲ್ಲಿ, ಹಟ್ಟಿಯಲ್ಲಿ, ಕಡಲ ದಂಡೆಯಲ್ಲಿ ಅವರ ದುಡಿಮೆಗೆ ಬಿಡುವೆಂಬುದಿಲ್ಲ. ಎರಡನೆಯ ತಲೆಯ ಲಚ್ಚನು ಇಂಗ್ಲಿಷು ಕಲಿತು ಮನೆಯ ಹೆಸರನ್ನು ಎತ್ತುವನೆಂದು ತಂದೆಯ ಕನಸು. ಅವನು ಓದಿನೊಡನೆ ದುಶ್ಚಟಗಳನ್ನೂ ಕಲಿತು, ಮನೆಯನ್ನೂ, ಮಡದಿ ನಾಗವೇಣಿಯ ಬಾಳನ್ನೂ ಹಾಳುಮಾಡುವನು. ಮೂರನೆಯ ತಲೆಯ ರಾಮನು ಪಟ್ಟಣದಲ್ಲಿ ಓದಿ, ಸ್ವಾತಂತ್ರ್ಯದ ಹೋರಾಟದಲ್ಲಿ ಸೇರಿ, ಕೆಲಸಕ್ಕಾಗಿ ಅಲೆದು, ಕೊನೆಗೆ ತಾಯಿಯಿದ್ದ ಊರಿಗೆ, ಅಜ್ಜಿಯಂದಿರು ಬೆವರಿಳಿಸಿದ ಮಣ್ಣಿಗೆ ಹಿಂದಿರುಗುವನು.

ಇದನ್ನು ಓದಿ ವಿದ್ಯೆಯೇ ಕೆಟ್ಟದ್ದೆಂದು ಯಾರೂ ಭ್ರಮಿಸಬಾರದು. ರಾಮನೂ ಓದಿದವನೇ ತಾನೆ. ಐತಾಳರ ತಪ್ಪು ಮಗನನ್ನು ಓದಿಸಿದುದರಲ್ಲಿ ಇರಲಿಲ್ಲ. ಮಗನು ಸಂಪಾದಿಸತಕ್ಕ ಹಣವನ್ನು ಎಣಿಸಿದರೇ ಹೊರತು, ಮಗನು ಆಗತಕ್ಕ ಮನುಷ್ಯನನ್ನು ಕುರಿತು ಅವರು ಎಣಿಸಲಿಲ್ಲ. ಮನೆಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ದುಡಿಯುವ ಹೆಂಗಸರ ಕೈಗಳಿಗೆ ಗೌರವವಿದೆಯೆಂಬುದನ್ನು ಆ ಹುಡುಗನಿಗೆ ತೋರಿಸಿಕೊಡಲಿಲ್ಲ. ಕಂಡ ಕಾಯಕವನ್ನು ಗೌರವಿಸಲರಿಯದ ಹುಡುಗನು ಕಾಣದ ಊರಿನಲ್ಲಿ ಯಾವ ನೆಲೆಯ ಮೇಲೆ ನಿಲ್ಲುವನು? ಇಂದು ಭಕ್ತರ ಮಕ್ಕಳು ಬೆಂಗಳೂರಿಗೂ ಹೊರದೇಶಗಳಿಗೂ ಹೋಗಿ ಒಳ್ಳೆಯ ಸ್ಥಾನಗಳಲ್ಲಿರುವರು. ಅದು ಹೆಮ್ಮೆಯ ವಿಷಯ. ಆದರೆ ಜೋಳದ ಹೊಲವು ಪಾಲಿಗೆ ಹೋಗಿ, ಪಡಸಾಲೆಯಲ್ಲಿ ಮುದಿ ತಂದೆತಾಯಿಗಳಿಬ್ಬರೇ ಉಳಿದ ಮನೆಗಳು ಎಷ್ಟಿವೆಯೆಂಬುದು ಈ ಸಭೆಯಲ್ಲಿ ಕುಳಿತವರಿಗೆ ತಿಳಿಯದ ಸಂಗತಿಯೇನಲ್ಲ. ಮರಳಿ ಬರುವುದೆಂದರೆ ಎಲ್ಲರೂ ನೇಗಿಲನ್ನೇ ಹಿಡಿಯಬೇಕೆಂದು ಅರ್ಥವಲ್ಲ. ತನ್ನನ್ನು ಹೊತ್ತವರ ಋಣವು ಎಲ್ಲಿದೆಯೆಂದು ಮರೆಯದಿರುವುದು, ತೀರಿಸಲು ಸಮಯವಿರುವಾಗಲೇ ತೀರಿಸುವುದು.

ಸದ್ಭಕ್ತರೇ, ಈ ನಾಲ್ಕು ಕಥೆಗಳಲ್ಲಿಯೂ ಒಂದೇ ಎಳೆಯು ಹರಿದಿದೆ. ಅಂಬಾಬಾಯಿಯು ಭಕ್ತೆ, ಕುಮುದಪುರದ ಮಠದ ಜನರು ಶಿಷ್ಯರು, ಸಂಕಪ್ಪಯ್ಯನ ತಾಯಿಯು ಸಂಪ್ರದಾಯಸ್ಥೆ, ಐತಾಳರು ಮನೆತನದ ಹಿತಚಿಂತಕರು. ಅನ್ಯಾಯವು ಈ ಒಳ್ಳೆಯ ಹೆಸರುಗಳ ನೆರಳಿನಲ್ಲಿಯೇ ನಡೆಯಿತು. ಕಳ್ಳನನ್ನೂ ಕೊಲೆಗಾರನನ್ನೂ ಗುರುತಿಸಲು ಕಾದಂಬರಿಯು ಬೇಕಾಗಿಲ್ಲ, ಪೊಲೀಸರು ಇರುವರು. ತನ್ನೊಳಗಿನ ಒಳ್ಳೆಯವನು ಮಾಡುತ್ತಿರುವ ಅನ್ಯಾಯವನ್ನು ಗುರುತಿಸಲು ಕನ್ನಡಿಯು ಬೇಕು.

ಎಂ. ಎಸ್. ಪುಟ್ಟಣ್ಣನವರು 1915ರಲ್ಲಿ ಪ್ರಕಟಿಸಿದ ಕಾದಂಬರಿಗೆ 'ಮಾಡಿದ್ದುಣ್ಣೋ ಮಹಾರಾಯ' ಎಂಬ ಗಾದೆಯನ್ನೇ ಹೆಸರಾಗಿ ಇಟ್ಟರು. ಆ ಗಾದೆಯನ್ನು ಜನರು ನೆರೆಯವನ ಕಡೆಗೆ ಬೆರಳು ಮಾಡಿ ಹೇಳುವುದೇ ವಾಡಿಕೆ. ಬೆರಳನ್ನು ತನ್ನ ಕಡೆಗೆ ತಿರುಗಿಸಿ ಹೇಳಿಕೊಂಡಾಗ ಮಾತ್ರ ಅದರಲ್ಲಿ ಔಷಧದ ಗುಣವು ಹುಟ್ಟುವುದು.

ಆದುದರಿಂದ ಈ ಮಹೋತ್ಸವದ ನೆನಪಿಗಾಗಿ ಒಂದು ಚಿಕ್ಕ ಕಾರ್ಯವನ್ನು ಸೂಚಿಸಲಾಗಿದೆ. ಶ್ರೀಮಠದ ಪ್ರಸಾದನಿಲಯದಲ್ಲಿ ವಾರಕ್ಕೊಮ್ಮೆ ಸಂಜೆಯ ಪ್ರಾರ್ಥನೆಯಾದ ಬಳಿಕ, ಇಂಥ ಒಂದು ಗ್ರಂಥದ ಒಂದು ಅಧ್ಯಾಯವನ್ನು ಗಟ್ಟಿಯಾಗಿ ಓದಲಿ. ವಿದ್ಯಾರ್ಥಿಗಳೂ, ಪಂಡಿತರೂ, ಊರಿನ ಭಕ್ತರೂ, ಅಡುಗೆಯ ಮನೆಯಲ್ಲಿ ದುಡಿಯುವವರೂ ಒಂದೇ ಸಾಲಿನಲ್ಲಿ ಕುಳಿತು ಕೇಳಲಿ. ಓದು ಮುಗಿದ ಮೇಲೆ ವ್ಯಾಖ್ಯಾನದ ಅವಶ್ಯಕತೆಯಿಲ್ಲ. ಪ್ರತಿಯೊಬ್ಬರೂ ಕ್ಷಣಹೊತ್ತು ಕಣ್ಣು ಮುಚ್ಚಿ, ಈ ಕಥೆಯಲ್ಲಿ ತನ್ನ ಸ್ಥಾನವಾವುದು ಎಂದು ತಮ್ಮನ್ನು ತಾವೇ ಕೇಳಿಕೊಂಡರೆ ಸಾಕು. ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿದು ಒಳಗನ್ನು ನೋಡುವ ಅಭ್ಯಾಸವುಳ್ಳವರಿಗೆ ಇದು ಕಷ್ಟದ ಸಾಧನೆಯಲ್ಲ.

ಹಾಗೆ ಓದಿದಾಗ, ಹಾಸಿಗೆಯ ಸುರುಳಿಯಲ್ಲಿ ಕಾದಂಬರಿಯು ಸಿಕ್ಕ ವಿದ್ಯಾರ್ಥಿಯನ್ನು ಪಂಡಿತರು ಗದರಿಸುವ ಪ್ರಸಂಗವು ಬರಲಾರದು. ಅವರು ಅವನನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು, ಎಲ್ಲಿಯವರೆಗೆ ಓದಿದೆ ಮಗು, ಮುಂದಿನದನ್ನು ಓದಿ ಹೇಳು ಎಂದು ಕೇಳುವರು.

ಶ್ರೀಗುರುವಿನ ಕೃಪೆಯು ಸರ್ವರ ಮೇಲಿರಲಿ. ಮಠವೂ ಮನೆಯೂ ಒಂದಕ್ಕೊಂದು ಕನ್ನಡಿಯಾಗಿ ಬೆಳಗಲಿ.